ಆರೋಗ್ಯ ಸೇತು: ಮೈಸೂರಿನಿಂದ ತಡವಾಗಿ ಬಂದ ರಿವ್ಯೂ

ಐದಕ್ಕೆ ಎರಡು ಸ್ಟಾರ್. ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವ ತಾಳ್ಮೆ ಇಲ್ಲದವರು ಇಲ್ಲಿಂದಲೇ ಹೊರಡಬಹುದು.

ಕೊರೊನಾ ಕಾಲದಲ್ಲಿ ಸಂಪರ್ಕ ಪತ್ತೆಗೆ, ಅಂದರೆ ರೋಗ ಬಂದವರ ಹತ್ತಿರ ಯಾರ್ಯಾರು ಇದ್ದರು ಅಂತ ಹುಡುಕಲು, ಬಂದ ಆ್ಯಪ್ ಇದು. ಇಷ್ಟು ವರ್ಷ ಆದಮೇಲೆ ಇದರ ರಿವ್ಯೂ ಯಾಕಪ್ಪಾ ಅಂತ ಕೇಳುವವರು ಇರುತ್ತಾರೆ. ನಾಳೆ ಇನ್ನೊಂದು ಅಂಟುರೋಗ ಬಂದರೆ ಇಂಥದ್ದೇ ಇನ್ನೊಂದು ಆ್ಯಪ್ ಬರುವುದು ಗ್ಯಾರಂಟಿ. ಆಗ ಎಲ್ಲರೂ ಗಾಬರಿಯಲ್ಲಿರುತ್ತೇವೆ, ಏನು ಕೇಳಿದರೂ ಓಕೆ ಓಕೆ ಅಂತ ಒತ್ತುತ್ತಾ ಹೋಗುತ್ತೇವೆ. ಅದಕ್ಕೇ ಈಗ ಪುರುಸೊತ್ತಿನಲ್ಲಿ ಬರೆದಿಡುತ್ತಿದ್ದೇನೆ.

ಕೇಂದ್ರ ಸರ್ಕಾರ ಈ ಆ್ಯಪನ್ನು ಬಿಟ್ಟಿದ್ದು 2020ರ ಏಪ್ರಿಲ್ 2ರಂದು. ಮೊದಲು ಫೋನ್ ನಂಬರ್. ಆಮೇಲೆ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಏನು ಕೆಲಸ, ಹೋದ 30 ದಿನದಲ್ಲಿ ಯಾವ ದೇಶಕ್ಕೆ ಹೋಗಿದ್ದಿರಿ ಅನ್ನುವ ಪ್ರಶ್ನೆ. ನಮ್ಮಮ್ಮ ಬೆಂಗಳೂರಿಗೆ ಹೋಗಿಯೇ ಎರಡು ವರ್ಷ ಆಗಿತ್ತು, ಅವರಿಗೆ ಈ ಪ್ರಶ್ನೆ ಓದಿ ನಗು. ಇದಾದ ಮೇಲೆ ಬ್ಲೂಟೂತ್ ಆನ್ ಮಾಡಿ, ಲೊಕೇಶನ್ ಆನ್ ಮಾಡಿ, ಹಾಗೇ ಇಡಿ. ಆ್ಯಪ್ ಇರುವ ಎರಡು ಫೋನ್ ಹತ್ತಿರ ಬಂದರೆ ಒಂದರ ಗುರುತನ್ನು ಇನ್ನೊಂದು ಬರೆದಿಟ್ಟುಕೊಳ್ಳುತ್ತಿತ್ತು. 15 ನಿಮಿಷಕ್ಕೊಮ್ಮೆ ನೀವು ಎಲ್ಲಿದ್ದೀರಿ ಅನ್ನುವುದೂ ಫೋನಿನಲ್ಲೇ ದಾಖಲಾಗುತ್ತಿತ್ತು. ನಿಮಗೆ ಪಾಸಿಟಿವ್ ಬಂದರೆ ಈ ಪಟ್ಟಿ ಸರ್ವರ್‌ಗೆ ಹೋಗಿ, ನಿಮ್ಮ ಹತ್ತಿರ ಸುಳಿದಾಡಿದವರ ಸ್ಕ್ರೀನಿನಲ್ಲಿ ಹಸಿರು ಹೋಗಿ ಬೇರೆ ಬಣ್ಣ ಬರಬೇಕು. ಲೆಕ್ಕ ಚೆನ್ನಾಗಿಯೇ ಇತ್ತು, ಕಾಗದದ ಮೇಲೆ.

ಆದರೆ ಬ್ಲೂಟೂತ್‌ಗೆ ಗೋಡೆ ಗೊತ್ತಾಗುವುದಿಲ್ಲ. ಅದು ನೋಡುವುದು ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವುದನ್ನು ಮಾತ್ರ. ಅಗ್ರಹಾರದ ಹಳೇ ವಠಾರದಲ್ಲಿ ಗೋಡೆಯಾಚೆ ಪಕ್ಕದ ಮನೆಯವರು ಫೋನ್ ಇಟ್ಟು ಮಲಗಿದರೆ ಅವರೂ ನೀವೂ ರಾತ್ರಿಯಿಡೀ ಜೊತೆಗಿದ್ದೀರಿ ಅಂತ ಅದು ತಿಳಿದುಕೊಳ್ಳಬಹುದು. ಫೋನು ಹಿಂದಿನ ಜೇಬಿನಲ್ಲಿದ್ದರೆ ಎದುರಿಗೆ ನಿಂತು ಮಾತಾಡಿದವನ ಸಿಗ್ನಲ್ ಮೈಗೆ ತಡೆದು ಕಮ್ಮಿಯಾಗುತ್ತದೆ, ದೂರ ಇದ್ದ ಹಾಗೆ ಕಾಣುತ್ತದೆ. ಇನ್ನು ದೇವರಾಜ ಮಾರ್ಕೆಟ್ಟಿಗೆ ಬನ್ನಿ. ಹೂವಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಅಲ್ಲಿ ಮಲ್ಲಿಗೆ ಮಾರುವ ಅಜ್ಜಿಯ ಹತ್ತಿರ ಕೀಪ್ಯಾಡ್ ಫೋನ್. ದಿನಕ್ಕೆ ಎಲ್ಲರಿಗಿಂತ ಜಾಸ್ತಿ ಜನರನ್ನು ನೋಡುವ ಆ ಅಜ್ಜಿ ಈ ಆ್ಯಪಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಕೀಪ್ಯಾಡ್ ಫೋನಿನವರಿಗೆ 1921 ಅಂತ ಒಂದು ನಂಬರ್ ಮಾಡಿದ್ದರು. ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕಾಲ್ ಬಂದು ಕೆಮ್ಮು ಇದೆಯಾ ಜ್ವರ ಇದೆಯಾ ಅಂತ ಕೇಳುತ್ತಿತ್ತು. ಕೆ.ಆರ್. ಪೇಟೆ ಕಡೆ ಇರುವ ನಮ್ಮ ಸೋದರಮಾವನಿಗೆ ಇದನ್ನು ಹೇಳಿದರೆ, "ಕೆಮ್ಮಿದ್ರೆ ಊರ್ನೋರೇ ಕೇಳ್ತಾರೆ ಕಣ್ಲಾ ಮಗ, ಅದ್ಕೆ ಮಿಸ್ ಕಾಲ್ ಬೇರೆ ಕೊಡ್ಬೇಕಾ?" ಅಂದರು. ಮಾತಾಡಲು ಉಳಿದಿದ್ದೇನು ಹೇಳಿ.

ಕಡ್ಡಾಯದ ಕಥೆ ಇನ್ನೂ ಚೆನ್ನಾಗಿದೆ. 2020ರ ಮೇ 1ರಂದು ಕೇಂದ್ರ ಗೃಹ ಇಲಾಖೆ ಸರ್ಕಾರಿ, ಖಾಸಗಿ ನೌಕರರೆಲ್ಲರಿಗೂ ಆ್ಯಪ್ ಕಡ್ಡಾಯ ಅಂದಿತು, ಅದರ ಹೊಣೆ ಸಂಸ್ಥೆಯ ಮುಖ್ಯಸ್ಥರದ್ದು. ಮೇ 17ರ ಆದೇಶದಲ್ಲಿ ಅದೇ ಮಾತು ಮೆತ್ತಗಾಗಿ, ಆದಷ್ಟು ಪ್ರಯತ್ನ ಮಾಡಿ ಹಾಕಿಸಿ ಅನ್ನುವಷ್ಟಕ್ಕೆ ಬಂತು. ಆದರೆ ಎರಡನೇ ಆದೇಶ ಕಂಪನಿಗಳ ಗೇಟಿನ ತನಕ ಬರುವುದೇ ಇಲ್ಲ ನೋಡಿ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಗ ನಾನು ಕೆಲಸ ಮಾಡುತ್ತಿದ್ದ ಕಡೆ, ಹೆಸರು ಬೇಡ, ತಿಂಗಳುಗಟ್ಟಲೆ ಗೇಟಿನಲ್ಲಿ "ಸಾರ್, ಸೇತು ತೋರ್ಸಿ" ನಡೆಯಿತು. ಹಸಿರು ಇದ್ದರೆ ಒಳಗೆ. ಅರ್ಧ ಜನ ತೋರಿಸುತ್ತಿದ್ದದ್ದು ಯಾವತ್ತೋ ತೆಗೆದಿಟ್ಟ ಸ್ಕ್ರೀನ್‌ಶಾಟ್. ಬ್ಲೂಟೂತ್ ಆನ್ ಇಟ್ಟರೆ ಬ್ಯಾಟರಿ ಹೋಗುತ್ತದೆ ಅಂತ ಯಾರೂ ಆನ್ ಇಡುತ್ತಿರಲಿಲ್ಲ. ಗೇಟಿನಲ್ಲಿ ಚೆಕ್ ಮಾಡುತ್ತಿದ್ದ ಸೆಕ್ಯೂರಿಟಿ ಅಣ್ಣನ ಕೈಯಲ್ಲಿದ್ದದ್ದೂ ಕೀಪ್ಯಾಡ್ ಫೋನೇ.

ಈಗ ಪ್ರೈವೆಸಿ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಬೈಯುವವರೂ ಹೊಗಳುವವರೂ ಸುಮ್ನೆ ಒಂದೇ ಮಾತು ಹೇಳಿ ಮುಗಿಸುತ್ತಾರೆ.

ನಿಯಮದಲ್ಲಿ ಅಳಿಸುವ ದಿನಾಂಕ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಫೋನಿನಲ್ಲಿದ್ದದ್ದು 30 ದಿನಕ್ಕೆ ಅಳಿಯಬೇಕು. ಸರ್ವರ್‌ಗೆ ಹೋಗಿದ್ದರೆ 45 ದಿನ, ಪಾಸಿಟಿವ್ ಬಂದವರದ್ದಾದರೆ ಗುಣವಾದ ಮೇಲೆ 60 ದಿನ. ಮೇ 11ಕ್ಕೆ ಇನ್ನೊಂದು ನಿಯಮಾವಳಿ ಬಂತು, ಅದರಲ್ಲಿ ಸಾಮಾನ್ಯವಾಗಿ 180 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ಇತ್ತು. ಆದರೆ ಅದೇ ನಿಯಮಾವಳಿ ಬೇರೆ ಬೇರೆ ಇಲಾಖೆಗಳ ಜೊತೆ ಮಾಹಿತಿ ಹಂಚಿಕೊಳ್ಳಲೂ ದಾರಿ ಮಾಡಿತು, ಮತ್ತು ನಾವು ಓಕೆ ಒತ್ತಿದ ಪ್ರೈವೆಸಿ ಪಾಲಿಸಿಯಲ್ಲಿ ಆ ಮಾತೇ ಇರಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ ಹಿಡಿದಿದ್ದು ಇದನ್ನೇ. ಒಪ್ಪಿಗೆ ಕೇಳದೆ ಆ ಮಾಹಿತಿ ಹಂಚಬಾರದು ಅಂತ 2021ರ ಜನವರಿ 25ಕ್ಕೆ ಮಧ್ಯಂತರ ಆದೇಶ ಕೊಟ್ಟಿತು. ಅದಕ್ಕೂ ಮೊದಲು, 2020ರ ಅಕ್ಟೋಬರಿನಲ್ಲಿ, ಆ್ಯಪ್ ಇಲ್ಲ ಅಂತ ಯಾರಿಗೂ ಸರ್ಕಾರಿ ಸೌಲಭ್ಯ ನಿಲ್ಲಿಸುವ ಹಾಗಿಲ್ಲ ಅಂತಲೂ ಹೇಳಿತ್ತು.

ಕೋರ್ಟ್ ಇಷ್ಟು ಗಟ್ಟಿಯಾಗಿ ಹೇಳಲು ನೆಲ ಗಟ್ಟಿ ಮಾಡಿಕೊಟ್ಟವರು ನಮ್ಮವರೇ, ಗೊತ್ತಲ್ವಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಕೇಸು ಹಾಕಿದ್ದು ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು.

ಇದಕ್ಕಿಂತ ಚೆನ್ನಾಗಿ ಮಾಡಲು ಬರುತ್ತಿತ್ತಾ? ಬರುತ್ತಿತ್ತು. ಅದೇ ಏಪ್ರಿಲಿನಲ್ಲಿ ಆ್ಯಪಲ್ ಮತ್ತು ಗೂಗಲ್ ಸೇರಿ ಒಂದು ವಿಧಾನ ತೋರಿಸಿದವು. ಅದರಲ್ಲಿ ಹೆಸರು ಬೇಡ, ಲೊಕೇಶನ್ ಬೇಡ. ಫೋನ್ ಹೊರಗೆ ಬಿಡುವ ಗುರುತಿನ ಸಂಖ್ಯೆ ಕೆಲವೇ ನಿಮಿಷಕ್ಕೊಮ್ಮೆ ಬದಲಾಗುತ್ತಿರುತ್ತದೆ, ಯಾರನ್ನು ಭೇಟಿಯಾದಿರಿ ಅನ್ನುವ ಪಟ್ಟಿ ನಿಮ್ಮ ಫೋನಿನಲ್ಲೇ ಇರುತ್ತದೆ, ಹೋಲಿಸಿ ನೋಡುವುದೂ ಅಲ್ಲೇ. ಎಷ್ಟೋ ದೇಶಗಳು ಅದನ್ನು ತೆಗೆದುಕೊಂಡವು, ನಾವು ತೆಗೆದುಕೊಳ್ಳಲಿಲ್ಲ. ಸರ್ಕಾರದ ಕೈಯಲ್ಲಿ ಪಟ್ಟಿ ಇದ್ದರೆ ರೋಗ ಎಲ್ಲಿ ಹಬ್ಬುತ್ತಿದೆ ಅಂತ ಗೊತ್ತಾಗುತ್ತದೆ ಅನ್ನುವ ವಾದ ಇತ್ತು, ಅದು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಪಟ್ಟಿ ಒಂದು ಸಲ ಕೈಗೆ ಬಂದಮೇಲೆ ಇನ್ನೊಂದಕ್ಕೂ ಬಳಸೋಣ ಅನ್ನಿಸುವುದು ಸಹಜ. ಸಿಂಗಪುರದಲ್ಲಿ ಹಾಗೇ ಆಯಿತು. ಬರೀ ಸಂಪರ್ಕ ಪತ್ತೆಗೆ ಅಂತ ಹೇಳಿ ಟ್ರೇಸ್‌ಟುಗೆದರ್ ಅನ್ನುವ ಆ್ಯಪ್ ಹಾಕಿಸಿದರು, 2021ರ ಜನವರಿಯಲ್ಲಿ ಪೊಲೀಸರೂ ತನಿಖೆಗೆ ಅದನ್ನು ನೋಡಬಹುದು ಅಂತ ಸಂಸತ್ತಿನಲ್ಲಿ ಒಪ್ಪಿಕೊಂಡರು. ಗಲಾಟೆ ಆದಮೇಲೆ ಕೆಲವು ಗಂಭೀರ ಅಪರಾಧಗಳಿಗೆ ಮಾತ್ರ ಅಂತ ಕಾನೂನು ತರಬೇಕಾಯಿತು.

ಇಷ್ಟೆಲ್ಲಾ ಹೇಳಿದ ಮೇಲೂ ನನ್ನ ಮುಖ್ಯ ದೂರು ಈ ಆ್ಯಪಿನ ಮೇಲಲ್ಲ. ಆ ವರ್ಷ ನಮ್ಮ ಮಾನ ಬೀದಿಗೆ ಬಂದಿದ್ದು ಸರ್ವರಿನಿಂದಲ್ಲ, ಕಾಗದದಿಂದ ಮತ್ತು ವಾಟ್ಸಾಪಿನಿಂದ.

ಮಾರ್ಚ್ 2020ರಲ್ಲಿ ಕ್ವಾರಂಟೈನ್‌ನಲ್ಲಿ ಇರುವವರ ಪಟ್ಟಿಯನ್ನು ರಾಜ್ಯ ಸರ್ಕಾರವೇ ಮನೆ ವಿಳಾಸ ಸಮೇತ ಹಾಕಿತು. ಹಾಕಿದ್ದೇ ತಡ, ಪಿಡಿಎಫ್ ಎಲ್ಲಾ ಬಡಾವಣೆ ಗ್ರೂಪುಗಳಲ್ಲೂ ಓಡಾಡಿತು. ಆಮೇಲೆ ದಿನಾ ಸಂಜೆ ಬುಲೆಟಿನ್. ಪಿ ಅಂತ ಒಂದು ನಂಬರ್, ವಯಸ್ಸು, ಗಂಡು ಅಥವಾ ಹೆಣ್ಣು, ಊರು, ಯಾರ ಸಂಪರ್ಕ. ದೊಡ್ಡ ಊರಿನಲ್ಲಿ ಇಷ್ಟರಿಂದ ಏನೂ ಗೊತ್ತಾಗಲ್ಲ. ತಾಲ್ಲೂಕಿನಲ್ಲಿ ಇಷ್ಟು ಸಾಕು, ಟೀ ಅಂಗಡಿಯಲ್ಲಿ ಕೂತವರು ಐದು ನಿಮಿಷದಲ್ಲಿ ಮನೆ ಹುಡುಕಿಬಿಡುತ್ತಾರೆ. ನಂಜನಗೂಡಿನ ಔಷಧಿ ಕಾರ್ಖಾನೆಯ ಮೊದಲ ಕೇಸಿನ ನಂಬರ್ ಇವತ್ತಿಗೂ ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಬರೆಯುವುದಿಲ್ಲ. ರೋಗ ಅಲ್ಲಿಗೆ ಹೇಗೆ ಬಂತು ಅಂತ ಖಚಿತವಾಗಿ ಗೊತ್ತಾಗಲೇ ಇಲ್ಲ, ಆದರೂ ಆ ನಂಬರಿನ ಮನುಷ್ಯನೇ ತಂದ ಅಂತ ಊರೆಲ್ಲಾ ತೀರ್ಪು ಕೊಟ್ಟಾಗಿತ್ತು.

ಮಂಡ್ಯ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ಮುಂಬೈನಿಂದ ವಾಪಸ್ ಬಂದವರಲ್ಲಿ ತುಂಬಾ ಕೇಸು ಬಂದವು, ಅದರಲ್ಲೂ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ. ಮಾವನ ಊರಿನಲ್ಲಿ ಒಂದು ಮನೆಗೆ ನೋಟಿಸ್ ಅಂಟಿಸಿದರು. ಆ ಮನೆಯವರ ಹಾಲನ್ನು ಡೇರಿಯಲ್ಲಿ ಹಾಕಿಸಿಕೊಳ್ಳಲಿಲ್ಲ. ನೋಟಿಸ್ ಹರಿದುಹೋದ ಮೇಲೂ ಎಷ್ಟೋ ದಿನ ಹಾಕಿಸಿಕೊಳ್ಳಲಿಲ್ಲ. ಸರ್ವರಿನಲ್ಲಿ 60 ದಿನಕ್ಕೆ ಅಳಿಸಬಹುದು, ಡೇರಿಯವರ ತಲೆಯಿಂದ ಅಳಿಸಲು ಯಾವ ನಿಯಮಾವಳಿ ಇದೆ?

ಇದೇ ಸಾಲಿನಲ್ಲಿ ರಾಜ್ಯದ ಕ್ವಾರಂಟೈನ್ ವಾಚ್ ಆ್ಯಪ್‌ಗೂ ಒಂದು ಮಾತು. ಬೆಳಿಗ್ಗೆ 7ರಿಂದ ರಾತ್ರಿ 10ರ ತನಕ ಗಂಟೆಗೊಂದು ಸೆಲ್ಫಿ ಕಳಿಸಬೇಕು. ಸ್ನಾನಕ್ಕೆ ಹೋದರೂ ಗಡಿಯಾರ ನೋಡಿಕೊಂಡು ಹೋಗಬೇಕು. ಇದಕ್ಕೆ ಸ್ಟಾರ್ ಇಲ್ಲ. ಅದಕ್ಕಿಂತ ಕೈಮೇಲಿನ ಮುದ್ರೆಯೇ ವಾಸಿ ಅನ್ನುತ್ತೇನೆ. ಕ್ವಾರಂಟೈನ್ ಮುದ್ರೆಗೆ ಅಳಿಸದ ಶಾಯಿ ಬಳಸಲು ಚುನಾವಣಾ ಆಯೋಗ ಆ ಮಾರ್ಚಿನಲ್ಲಿ ಒಪ್ಪಿತ್ತು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರು ಪೇಂಟ್ಸ್‌ನಲ್ಲೇ, 1962ರ ಚುನಾವಣೆಯಿಂದಲೂ. ಬಸ್ಸಿನಲ್ಲಿ ಎಲ್ಲರೂ ದುರುಗುಟ್ಟಿ ನೋಡುತ್ತಾರೆ, ಅದು ನಿಜವಾದ ಅವಮಾನ. ಆದರೆ ಉಗುರು ಬೆಳೆದು ಚರ್ಮ ಉದುರಿದ ಹಾಗೆ ತಾನಾಗಿಯೇ ಹೋಗುತ್ತದೆ, ನಕಲು ಎಲ್ಲೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹೋಟೆಲ್ ಬಾಗಿಲಿನ ರಿಜಿಸ್ಟರ್. ಜೂನ್‌ನಲ್ಲಿ ಹೋಟೆಲ್ ತೆಗೆದಾಗ ಎಲ್ಲಾ ಕಡೆ ಒಂದು ಉದ್ದ ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ಹೆಸರು, ನಂಬರ್, ಟೆಂಪರೇಚರ್. ನಿಮ್ಮ ಮುಂದೆ ಬಂದವರೆಲ್ಲರ ನಂಬರ್ ನಿಮಗೆ ಕಾಣುತ್ತದೆ, ನಿಮ್ಮದು ಹಿಂದೆ ಬರುವವರಿಗೆ. ಸರಸ್ವತೀಪುರಂ ಕಡೆ ಒಂದು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದ ಸಂಜೆಯೇ ನನ್ನ ತಂಗಿಗೆ ಗೊತ್ತಿಲ್ಲದ ನಂಬರಿನಿಂದ "ಹಾಯ್, ಊಟ ಆಯ್ತಾ" ಶುರುವಾಯಿತು. ಬ್ಲಾಕ್ ಮಾಡಿದರೆ ಇನ್ನೊಂದು ನಂಬರ್. ಹೋಟೆಲಿನವರನ್ನು ಕೇಳಿದರೆ "ಸರ್ಕಾರದ ರೂಲ್ಸು ಮೇಡಂ, ನಾವೇನ್ ಮಾಡೋಣ" ಅಂದರು. ರೂಲ್ಸು ಬರೆಸಿಕೊಳ್ಳಿ ಅನ್ನುತ್ತದೆ, ತೆರೆದಿಡಿ ಅನ್ನುತ್ತದಾ? ಆಮೇಲಿಂದ ತಂಗಿ ಎಲ್ಲಾ ಕಡೆ ನನ್ನ ನಂಬರ್ ಬರೆಯಲು ಶುರು ಮಾಡಿದಳು. ಆ ನೋಟ್‌ಬುಕ್ಕುಗಳನ್ನು ಕೊನೆಗೆ ಏನು ಮಾಡಿದರೋ, ಯಾವುದೋ ಅಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣ ಆಗಿರಬೇಕು.

ಹಾಗಾದರೆ ಯಾವುದು ಸರಿಯಾಗಿ ಕೆಲಸ ಮಾಡಿತು? ನಮ್ಮ ಬೀದಿಯಲ್ಲಿ ಆಶಾ ಕಾರ್ಯಕರ್ತೆ ಅಕ್ಕ. 2020ರ ಜೂನ್‌ನಲ್ಲಿ ಸಂಪರ್ಕ ಪತ್ತೆಗೆ ಕರ್ನಾಟಕವೇ ಮಾದರಿ ಅಂತ ಕೇಂದ್ರ ಆರೋಗ್ಯ ಇಲಾಖೆ ಹೊಗಳಿತು. ಆ ಹೊಗಳಿಕೆಯ ಹಿಂದೆ ಇವರ ಕಾಲು ಸವೆದಿದೆ. ಅವರು ಗೇಟಿನ ಹತ್ತಿರ ನಿಂತು, "ಅಮ್ಮಾ, ಯಾರಿಗಾದ್ರೂ ಜ್ವರ ಇದ್ಯಾ? ಮೊನ್ನೆ ಸೀಮಂತಕ್ಕೆ ಯಾರ್ಯಾರು ಬಂದಿದ್ರು?" ಅಂತ ಮೆಲ್ಲಗೆ ಕೇಳುತ್ತಿದ್ದರು. ಆ್ಯಪ್‌ಗೆ ಸೀಮಂತ ಅಂದರೇನು ಗೊತ್ತು? ಯಾರು ಅಡುಗೆ ಮನೆಯಲ್ಲಿ ಕೂತಿದ್ದರು, ಯಾರು ಬಂದು ಕುಂಕುಮ ತೆಗೆದುಕೊಂಡು ಬಾಗಿಲಲ್ಲೇ ಹೋದರು ಅನ್ನುವುದು ಅವರಿಗೆ ಬೇಕಿತ್ತು, ಸಿಗುತ್ತಿತ್ತು. ಮೂರನೇ ಕ್ರಾಸಿನಲ್ಲಿ ಯಾರಿಗೆ ಪಾಸಿಟಿವ್ ಅಂತ ನಮ್ಮಮ್ಮ ಎಷ್ಟು ಸಲ ಬಾಯಿ ಬಿಡಿಸಲು ನೋಡಿದರೂ, "ನಿಮ್ ವಿಷ್ಯ ಅವ್ರಿಗೆ ಹೇಳ್ತೀನಾ ಅಮ್ಮ?" ಅಂತ ನಕ್ಕು ಮುಂದೆ ಹೋಗುತ್ತಿದ್ದರು. ಅಮ್ಮನಿಗೆ ಕೋಪ ಬಂತು, ಮರುದಿನ ಅವರಿಗೇ ಮಜ್ಜಿಗೆ ಕೊಟ್ಟರು. ಇಂಥವರು ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಮುಷ್ಕರ ಮಾಡಬೇಕಾಯಿತು. ಎಲ್ಲರೂ ಅವರಂತೆ ಬಾಯಿ ಬಿಗಿ ಹಿಡಿದಿದ್ದರು ಅಂತ ಹೇಳುತ್ತಿಲ್ಲ. ನಾನು ನೋಡಿದ್ದು ನಮ್ಮ ಬೀದಿಯನ್ನು.

ಸಂಪರ್ಕ ಪತ್ತೆ ಬೇಡವೇ ಬೇಡ ಅನ್ನುವವನು ನಾನಲ್ಲ. ಮುಂದಿನ ಸಲ ಯಾರಾದರೂ ಏನನ್ನಾದರೂ ಹಾಕಿಕೊಳ್ಳಿ, ಬರೆಯಿರಿ ಅಂದರೆ ನಾನು ಕೇಳುವುದು ಎರಡೇ: ಇದನ್ನು ಯಾರ್ಯಾರು ನೋಡುತ್ತಾರೆ, ಯಾವತ್ತು ಅಳಿಸುತ್ತೀರಿ. ಈ ಆ್ಯಪ್ ಎರಡನೆಯದಕ್ಕೆ ಉತ್ತರ ಕೊಟ್ಟಿತ್ತು, ಮೊದಲನೆಯದಕ್ಕೆ ಕೋರ್ಟಿಗೆ ಹೋಗಬೇಕಾಯಿತು. ಎರಡು ಸ್ಟಾರ್ ಅದಕ್ಕೇ.

ಈಗ ಆ್ಯಪಿನಲ್ಲಿ ಸಂಪರ್ಕ ಪತ್ತೆ ನಿಲ್ಲಿಸಿದ್ದಾರೆ, ಅದಕ್ಕಾಗಿ ಕೂಡಿಹಾಕಿದ್ದನ್ನು ಅಳಿಸಿದ್ದೇವೆ ಅಂತಲೂ ಸರ್ಕಾರ ಹೇಳಿದೆ. ಆಮೇಲೆ ಆ ಆ್ಯಪನ್ನು ಆಭಾ ನಂಬರ್, ಅಂದರೆ ಡಿಜಿಟಲ್ ಆರೋಗ್ಯ ಖಾತೆಯ ನಂಬರ್, ಮಾಡಿಸುವ ಕೆಲಸಕ್ಕೆ ತಿರುಗಿಸಿದರು. ನಿಮ್ಮ ಫೋನಿನ ಯಾವುದಾದರೂ ಮೂಲೆಯಲ್ಲಿ ಇನ್ನೂ ಕೂತಿದ್ದರೆ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಬೇಡಿ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ. 2020ರಲ್ಲಿ ಆ ಆಯ್ಕೆ ಕೊಟ್ಟಾಗ ಸರ್ವರಿನಿಂದ ಅಳಿಸಲು 30 ದಿನ ಬೇಕು ಅಂತ ಹೇಳಿದ್ದರು. ಅನ್‌ಇನ್‌ಸ್ಟಾಲ್ ಅದಾದ ಮೇಲೆ. ಅಪ್ಪ ಅಮ್ಮನ ಹಳೇ ಫೋನನ್ನೂ ಒಂದು ಸಲ ತೆಗೆದು ನೋಡಿ.