ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳು: ಗ್ರೀಕ್ ಓದು ಶುರುಮಾಡುವವರಿಗೆ

ಪ್ರಾಚೀನ ಗ್ರೀಕರನ್ನು ಓದಲು ಹೊರಟವರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಬೆಲೆಗಿಂತ ಮೊದಲು ಪುಟದ ಅಂಚು ನೋಡಿ. ಪ್ಲೇಟೋ ಪ್ರತಿಯಲ್ಲಿ 17ಎ, 17ಬಿ ಎಂಬಂಥ ಗುರುತು ಇರಲೇಬೇಕು. 1578ರ ಆವೃತ್ತಿಯಿಂದ ಬಂದ ಪುಟಸಂಖ್ಯೆ ಅದು. ಪ್ಲೇಟೋನ ಮಾತನ್ನು ಉಲ್ಲೇಖಿಸುವವರೆಲ್ಲ ಆ ಸಂಖ್ಯೆಯನ್ನೇ ಕೊಡುತ್ತಾರೆ. ಅದಿಲ್ಲದ ಅಗ್ಗದ ಪ್ರತಿ ತಂದರೆ, ಟಿಪ್ಪಣಿ ಹೇಳುವ ಮಾತು ಎಲ್ಲಿದೆಯೆಂದು ಹುಡುಕುವುದರಲ್ಲೇ ಓದು ನಿಂತುಹೋಗುತ್ತದೆ. ಹೋಮರನ ಮಹಾಕಾವ್ಯ ಇಲಿಯಡ್‌ಗೂ ಅಷ್ಟೇ: 24 ಕಾಂಡ, ಹದಿನೈದು ಸಾವಿರಕ್ಕೂ ಮಿಕ್ಕಿ ಸಾಲು, ಸಾಲಿನ ಸಂಖ್ಯೆ ಬೇಕೇ ಬೇಕು.

ಮೊದಲು ಸಾಕ್ರಟೀಸನ ವಿಚಾರಣೆಯ (ಕ್ರಿ.ಪೂ. 399) ಕುರಿತ ಪ್ಲೇಟೋನ 'ಅಪಾಲಜಿ' ಹಿಡಿಯಿರಿ, ಒಂದು ಸಂಜೆಯ ಓದು. ಅರಿಸ್ಟಾಟಲ್ ಈಗಲೇ ಬೇಡ. ಕನ್ನಡದ ಕಪಾಟಿನಲ್ಲಿ ಬಿ.ಎಂ.ಶ್ರೀ. ಅವರು ಕನ್ನಡಕ್ಕೆ ತಂದ 'ಪಾರಸಿಕರು' ಕಂಡರಂತೂ ಬಿಡಬೇಡಿ: ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಸಲಾಮಿಸ್ ಯುದ್ಧವಾದ ಎಂಟೇ ವರ್ಷಕ್ಕೆ ಗ್ರೀಕ್ ನಾಟಕಕಾರ ಈಸ್ಕಿಲಸ್, ಸೋತ ಶತ್ರುವಿನ ಗೋಳನ್ನು ಅಥೆನ್ಸಿನ ರಂಗಕ್ಕೆ ತಂದ ನಾಟಕ ಅದು.