ಬೋರ್ಡಿಗೆ ಯಾವ ದಪ್ಪ ಅಕ್ಷರ? ರಸ್ತೆಯಾಚೆ ನಿಂತು ನೋಡಿದ್ದು

ಗಾಂಧಿಬಜಾರಿನ ಹತ್ತಿರ ನಮ್ಮ ಭಾವನದೊಂದು ಅಂಗಡಿ ಇದೆ. ಚಕ್ಕುಲಿ, ಕೋಡುಬಳೆ, ಹುರಿಗಾಳು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಯ್ತಲ್ಲ, ಆಗ ಹಳೇ ಬೋರ್ಡು ಇಳಿಸಿದರು. "ಅಕ್ಷರ ನೀನೇ ನೋಡೋ. ದಪ್ಪಗಿರಲಿ, ಹಳೇ ಕಾಲದ ಗತ್ತಿರಲಿ" ಅಂದರು.

ಇಂಗ್ಲಿಷ್ ಸಾಲಿಗೆ ಸೆರಿಫ್ ಬೇಕು ಅನ್ನಿಸಿತು. ಗೆರೆಯ ತುದಿಗೆ ಪುಟ್ಟ ಪಾದ ಇರುತ್ತಲ್ಲ, ಆ ಜಾತಿ. ಎರಡು ಉಚಿತ ಫಾಂಟ್ ಹಿಡಿದೆ: ಬೊಡೋನಿ ಮೋಡಾ ಮತ್ತು ಬೆಸ್ಲಿ. 'ಕಾಂಡಿಮೆಂಟ್ಸ್' ಅಂತ ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಶಟರಿಗೆ ಅಂಟಿಸಿ, ಎದುರು ಫುಟ್‌ಪಾತಿಗೆ ಹೋಗಿ ನಿಂತೆ.

ಬೊಡೋನಿ ಕಂಪ್ಯೂಟರಿನಲ್ಲಿ ಮದುವೆ ಹೆಣ್ಣಿನ ಹಾಗೆ ಕಂಡಿತ್ತು. ಆದರೆ ಅದರ ದಪ್ಪ ಗೆರೆ ತುಂಬ ದಪ್ಪ, ಸಣ್ಣ ಗೆರೆ ಕೂದಲೆಳೆ. ರಸ್ತೆಯಾಚೆಯಿಂದ ನೋಡಿದರೆ 'ಎನ್' ಅಕ್ಷರದ ಎರಡೂ ನಿಂತ ಗೆರೆ ಮಾಯ! ಓರೆ ಗೆರೆಯೊಂದೇ ಉಳಿದಿತ್ತು. ಲಗ್ನಪತ್ರಿಕೆಯಲ್ಲಿ ವಧು ವರರ ಹೆಸರಿಗೆ ಚೆನ್ನ, ಕೈಯಲ್ಲಿ ಹಿಡಿದು ಓದುತ್ತಾರೆ. ಬೋರ್ಡಿಗೆ ಬೇಡ.

ಬೆಸ್ಲಿಯ ಮೂಲ ಕ್ಲಾರೆಂಡನ್ ಅನ್ನೋ ಹಳೇ ಅಕ್ಷರಶೈಲಿ. 1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿಯ ಅಚ್ಚುಮೊಳೆ ಕಾರ್ಖಾನೆಯಿಂದ ಬಂದದ್ದು. ನಿಘಂಟಿನಂಥ ಪುಸ್ತಕದಲ್ಲಿ ಮುಖ್ಯ ಪದವೊಂದೇ ಎದ್ದು ಕಾಣೋದಕ್ಕೆ ಇಂಥ ದಪ್ಪ ಅಕ್ಷರ ಬಳಸುತ್ತಿದ್ದರು. ಇದರಲ್ಲಿ ಸಣ್ಣ ಗೆರೆಗೂ ಮೈಕೈ ಇದೆ. ಪಾದಗಳು ಗಟ್ಟಿ, ಗೆರೆಗೆ ಬಾಗಿ ಸೇರಿಕೊಳ್ಳುತ್ತವೆ. ಬಸ್ಸು ಅಡ್ಡ ಬಂದು ಹೋದರೂ ಒಂದೇ ನೋಟಕ್ಕೆ ಓದಬಹುದು. ಜಾಗ ಮಾತ್ರ ಜಾಸ್ತಿ ತಿನ್ನುತ್ತೆ, ಸೈಜು ಇಳಿಸಬೇಕಾಯ್ತು.

ನಿಜವಾದ ತಲೆನೋವು ಕನ್ನಡದ ಸಾಲು. ನಮ್ಮ ಅಕ್ಷರಕ್ಕೆ ಪಾದ ಎಲ್ಲಿದೆ, ಇರೋದು ತಲೆಕಟ್ಟು. ಟೀರೋ ಕನ್ನಡ ಅನ್ನೋ ಫಾಂಟ್ ನನಗೆ ತುಂಬ ಇಷ್ಟ, ಹಳೇ ಪುಸ್ತಕದ ಕಳೆ ಇದೆ. ಆದರೆ ಅದರಲ್ಲಿ ಮಾಮೂಲಿ ಮತ್ತು ಓರೆ ಅಷ್ಟೇ, ಬೋಲ್ಡ್ ಇಲ್ಲ. ಸುಮ್ನೆ ಬೋಲ್ಡ್ ಬಟನ್ ಒತ್ತಿದರೆ ಕಂಪ್ಯೂಟರೇ ಸುತ್ತ ಮಸಿ ಬಳಿಯುತ್ತೆ. 'ಕಾಂಡಿಮೆಂಟ್ಸ್'ನಲ್ಲಿ ಎರಡು ಸೊನ್ನೆ, ಕೊನೆಗೆ 'ಟ್ಸ್' ಒತ್ತು. ಸೊನ್ನೆಗಳು ಕಡಲೆಕಾಳಾದವು, ಒತ್ತು ಮುದ್ದೆ.

ನೋಟೋ ಸೆರಿಫ್ ಕನ್ನಡದಲ್ಲಿ 100ರಿಂದ 900ರವರೆಗೆ ಒಂಬತ್ತು ದಪ್ಪ ಸಿಗುತ್ತವೆ. ಆಸೆಗೆ 900 ಹಾಕಿದೆ, ಸೊನ್ನೆ ಮತ್ತೆ ಇಕ್ಕಟ್ಟು. 700ರಲ್ಲಿ ಉಸಿರಾಡಿತು. ಆದರೆ ಕೆಳಗೆ ಬೆಸ್ಲಿ 700 ಇಟ್ಟಾಗ ಕನ್ನಡವೇ ತೆಳ್ಳಗೆ ಕಂಡಿತು! ಅಂಕಿ ಒಂದೇ ಆದರೂ ಕಪ್ಪು ಒಂದೇ ಅಲ್ಲ. ಕೊನೆಗೆ ಕನ್ನಡಕ್ಕೆ 800, ಇಂಗ್ಲಿಷಿಗೆ 600.

ಫೈಲ್ ಕೊಡುವ ಮೊದಲು ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಇಲ್ಲದಿದ್ದರೂ ಕೆಡದ ಗೆರೆಚಿತ್ರಕ್ಕೆ, ಬದಲಿಸಿ. ನಾನು ಮರೆತೆ. ಪ್ರಿಂಟ್ ಅಂಗಡಿಯಲ್ಲಿ ಆ ಫಾಂಟ್ ಇರಲಿಲ್ಲ, ಮೊದಲ ಫ್ಲೆಕ್ಸಿನಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂತಿತ್ತು. ಆ ಫ್ಲೆಕ್ಸ್ ಈಗ ಭಾವನ ಸ್ಕೂಟರಿಗೆ ಹೊದಿಕೆ.