ಝೂಮ್ ಅರ್ಥ್‌ನ ಚಂಡಮಾರುತ ನಕ್ಷೆ: ನಾಲ್ಕು ವರ್ಷ ನೋಡಿದ ಮೇಲೆ

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಉಡುಪಿ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ದಡ ಹೊಕ್ಕಿತು. ಝೂಮ್ ಅರ್ಥ್ ಜಾಲತಾಣವನ್ನು ನಾನು ಮೊದಲು ತೆರೆದದ್ದು ಆ ವಾರದಲ್ಲಿ. ಅಂದಿನಿಂದ ನಾಲ್ಕು ವರ್ಷ, ಬೆಳಗ್ಗೆ ಅದನ್ನು ನೋಡದ ದಿನಗಳು ಕಡಿಮೆ. ಮಗ ಸರಕು ಹಡಗಿನಲ್ಲಿ ಅಧಿಕಾರಿಯಾಗಿರುವುದರಿಂದ ಅರಬ್ಬಿ ಸಮುದ್ರವೊಂದನ್ನೇ ನೋಡಿ ಸುಮ್ಮನಾಗಲು ನನಗೆ ಸಾಧ್ಯವಿಲ್ಲ.

ಈ ನಕ್ಷೆಯ ದೊಡ್ಡ ಗುಣವೆಂದರೆ ಎಲ್ಲ ಸಾಗರಗಳೂ ಒಂದೇ ಕಡೆ ಸಿಗುವುದು. ಅಮೆರಿಕ, ಜಪಾನ್ ಮತ್ತು ಯುರೋಪಿನ ಉಪಗ್ರಹಗಳ ಚಿತ್ರಗಳು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೊಸದಾಗುತ್ತವೆ. ಅವುಗಳ ಮೇಲೆ ಪ್ರತಿ ಚಂಡಮಾರುತದ ಹಾದುಬಂದ ದಾರಿಯೂ ಮುಂದಿನ ಅಂದಾಜು ದಾರಿಯೂ ಕಾಣುತ್ತವೆ. ಆ ದಾರಿಯ ಮೇಲಿನ ಬಿಂದುವನ್ನು ಒತ್ತಿದರೆ ಗಾಳಿಯ ವೇಗ ಮತ್ತು ವಾಯುಭಾರ ತಿಳಿಯುತ್ತದೆ.

2023ರ ಫೆಬ್ರವರಿಯಲ್ಲಿ ಮಗನ ಹಡಗು ಸಿಂಗಪುರದಿಂದ ದಕ್ಷಿಣ ಆಫ್ರಿಕಾದ ಡರ್ಬನ್ ಕಡೆಗೆ ಹೊರಟಿದ್ದಾಗ ಇದರ ಬೆಲೆ ನನಗೆ ತಿಳಿಯಿತು. ಆಸ್ಟ್ರೇಲಿಯಾದ ವಾಯವ್ಯಕ್ಕೆ ಹುಟ್ಟಿ ಆ ತಿಂಗಳ 6ರಂದು ಹೆಸರು ಪಡೆದ ಫ್ರೆಡ್ಡಿ ಇಡೀ ಹಿಂದೂ ಮಹಾಸಾಗರವನ್ನು ದಾಟಿ ಮಡಗಾಸ್ಕರ್‌ಗೂ ಮೊಜಾಂಬಿಕ್‌ಗೂ ಅಪ್ಪಳಿಸಿತು. ಅಷ್ಟಕ್ಕೂ ಮುಗಿಯದೆ ಮತ್ತೆ ಕಡಲಿಗೆ ಮರಳಿ ಮಾರ್ಚ್ 11ರಂದು ಮೊಜಾಂಬಿಕ್ ಮೇಲೆ ಎರಡನೇ ಬಾರಿ ಎರಗಿತು. ಹೆಚ್ಚು ದಿನ ಬದುಕಿದ ಉಷ್ಣವಲಯದ ಚಂಡಮಾರುತವೆಂದು ವಿಶ್ವ ಹವಾಮಾನ ಸಂಸ್ಥೆ ಅದನ್ನು ದಾಖಲಿಸಿದೆ. ಹಡಗಿನವರು ಮಾರ್ಗ ಬದಲಿಸಿದ ಸುದ್ದಿ ಮಗನಿಂದ ಬರುವವರೆಗಿನ ಎರಡು ದಿನ ಆ ಬಿಳಿ ಸುಳಿ ಎಲ್ಲಿದೆ ಎಂಬುದಾದರೂ ಗೊತ್ತಿತ್ತು. ಮನೆಯಲ್ಲಿ ಕಾಯುವವರಿಗೆ ಅದು ಸಣ್ಣ ಸಮಾಧಾನವಲ್ಲ.

ಆದರೆ ಅಂಕಿಗಳನ್ನು ಓದುವಾಗ ಎಚ್ಚರ ಬೇಕು, ಇದನ್ನು ಕಲಿಯಲು ನನಗೆ ಒಂದು ವರ್ಷವೇ ಹಿಡಿಯಿತು. ನಮ್ಮ ಕಡಲಿನ ಚಂಡಮಾರುತಗಳಿಗೆ ಈ ನಕ್ಷೆ ತೋರಿಸುವ ವೇಗ ಸಾಮಾನ್ಯವಾಗಿ ಅಮೆರಿಕದ ಜಂಟಿ ಟೈಫೂನ್ ಎಚ್ಚರಿಕೆ ಕೇಂದ್ರದ್ದು. ಆ ಕೇಂದ್ರ 1 ನಿಮಿಷದ ಸರಾಸರಿ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಭಾರತೀಯ ಹವಾಮಾನ ಇಲಾಖೆ 3 ನಿಮಿಷದ್ದನ್ನು, ಜಪಾನಿನ ಹವಾಮಾನ ಸಂಸ್ಥೆ 10 ನಿಮಿಷದ್ದನ್ನು. ಅವಧಿ ಹೆಚ್ಚಿದಷ್ಟೂ ಬೀಸು ತಗ್ಗುಗಳೆರಡೂ ಸೇರಿ ಸರಾಸರಿ ಇಳಿಯುವುದರಿಂದ, ಒಂದೇ ಚಂಡಮಾರುತಕ್ಕೆ ಮೂರು ಕಡೆ ಮೂರು ವೇಗ ಕಂಡರೂ ಯಾರದೂ ತಪ್ಪೆಂದು ತಿಳಿಯಬೇಕಿಲ್ಲ. ಹೆಸರುಗಳ ವಿಷಯವೂ ಹಾಗೆಯೇ: ನಮ್ಮ ಇಲಾಖೆ ಗಂಟೆಗೆ 118 ಕಿ.ಮೀ. ಮುಟ್ಟಿದ್ದನ್ನು ‘ಅತಿ ತೀವ್ರ ಚಂಡಮಾರುತ’ ಎಂದರೆ, ಅಮೆರಿಕದ ಮಾಪನದಲ್ಲಿ ಒಂದನೇ ವರ್ಗ ಆರಂಭವಾಗುವುದು ಸುಮಾರು ಅಷ್ಟಕ್ಕೇ.

ಮುಂದಿನ ದಾರಿಯ ಗೆರೆಯನ್ನೂ ಹಾಗೆ ನಂಬಿ ಕೂರಲಾಗದು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಅರಬ್ಬಿ ಸಮುದ್ರದಲ್ಲಿದ್ದಾಗ ಮೊದಲ ದಿನಗಳಲ್ಲಿ ಒಮಾನ್, ಪಾಕಿಸ್ತಾನ, ಗುಜರಾತ್ ಇವುಗಳಲ್ಲಿ ಯಾವುದರ ಕಡೆಗೆ ಹೋಗುತ್ತದೆಂಬ ವಿಷಯದಲ್ಲಿ ಗಣಕ ಮಾದರಿಗಳಿಗೇ ಒಮ್ಮತವಿರಲಿಲ್ಲ. ಕೊನೆಗೆ 15ರಂದು ಅದು ಗುಜರಾತಿನ ಜಖೌ ಬಂದರಿನ ಹತ್ತಿರ ದಡ ಸೇರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೋ ಮೇಲೆರಗಿದ ಓಟಿಸ್ ಹಿಂದಿನ ದಿನದ ಮುನ್ಸೂಚನೆಗಳನ್ನೆಲ್ಲ ಮೀರಿ ಸುಮಾರು ಒಂದು ದಿನದಲ್ಲಿ ಅದೇ ಅಮೆರಿಕದ ಮಾಪನದ ಕೊನೆಯದಾದ ಐದನೇ ವರ್ಗಕ್ಕೆ ಏರಿತ್ತು. ಇಂಥ ಹಠಾತ್ ಬಲವರ್ಧನೆಯನ್ನು ತಜ್ಞರೂ ಹಿಡಿಯಲಾರದೆ ಹೋದ ಮೇಲೆ, ನಕ್ಷೆಯಿಂದ ಅದನ್ನು ಬಯಸುವುದು ಅನ್ಯಾಯ.

ನಡುವೆ ಹಣ ಕೊಟ್ಟು ಬೇರೊಂದು ಆ್ಯಪ್ ಹಾಕಿಕೊಂಡಿದ್ದೆ. ಬಂಗಾಳ ಕೊಲ್ಲಿಯ ಪ್ರತಿ ವಾಯುಭಾರ ಕುಸಿತಕ್ಕೂ ನಡುರಾತ್ರಿ ಅದು ಗಂಟೆ ಬಾರಿಸುತ್ತಿತ್ತು. ಅದರಿಂದಾಗಿ ಮನೆಯವರು ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸತೊಡಗಿದರು. ಎಂಟು ತಿಂಗಳಿಗೆ ಅದನ್ನು ತೆಗೆದುಹಾಕಿದೆ.

ಝೂಮ್ ಅರ್ಥ್‌ಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದನ್ನು ಕೊಡದಿರಲು ಕಾರಣ, ವೇಗ ಯಾವ ಸರಾಸರಿಯದೆಂಬುದು ಅಂಕಿಯ ಪಕ್ಕದಲ್ಲೇ ಎದ್ದು ಕಾಣುವುದಿಲ್ಲ. ಮಲ್ಪೆಯಲ್ಲಿ ದೋಣಿಯಿರುವ ನೆರೆಯವರು ಬಂದು ‘ಮಾಸ್ಟ್ರೇ, ನಾಳೆ ಕಡಲಿಗೆ ಇಳಿಯಬಹುದಾ?’ ಎಂದು ಕೇಳಿದಾಗ ನಾನು ಮೊದಲು ತೆರೆಯುವುದು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನು. ಅದನ್ನು ಓದಿ ಹೇಳಿದ ಮೇಲೆ, ಆ ಮೋಡ ಈಗ ಎಲ್ಲಿದೆ ಎಂದು ತೋರಿಸಲು ಈ ನಕ್ಷೆಯನ್ನು ಅವರ ಕೈಗೆ ಕೊಡುತ್ತೇನೆ.